ಗಿಡದ ಹಾಲಿನಿಂದ ಗಾಯ ಮಾಯುತ್ತದಾ?

ಕಾಡುಹರಳು ಗಿಡವನ್ನು ನೀವು ನೋಡಿಯೇ ಇರುತ್ತೀರಿ. ದನ ಬಾಯಿ ಹಾಕುವುದಿಲ್ಲ ಅಂತ ಹೊಲದ ಬೇಲಿಗೆ ನೆಡುತ್ತಾರಲ್ಲ, ಅದೇ. ಬಯೋಡೀಸೆಲ್ ಗದ್ದಲ ಎದ್ದ ಮೇಲೆ ಜಟ್ರೋಫಾ ಅನ್ನೋ ಹೆಸರೇ ಜಾಸ್ತಿ ಚಾಲ್ತಿಗೆ ಬಂತು. ಎಲೆ ಕಿತ್ತರೆ ತೊಟ್ಟಿನಿಂದ ನೊರೆ ಬರುವಂಥ ತಿಳಿ ರಸ ಜಿನುಗುತ್ತದೆ. ಮಕ್ಕಳು ಅದನ್ನು ಕಡ್ಡಿಯ ಕುಣಿಕೆಗೆ ಹಿಡಿದು ಗುಳ್ಳೆ ಊದುತ್ತಾರೆ. ದೊಡ್ಡವರು ಕುಡುಗೋಲು ತಾಗಿದ ಬೆರಳಿಗೆ ಹಚ್ಚಿಕೊಳ್ಳುತ್ತಾರೆ. ಆಫ್ರಿಕಾದಲ್ಲೂ ಇದೇ ರೂಢಿ ಇದೆ. 2003ರಲ್ಲಿ ನೈಜೀರಿಯಾದ ಸಂಶೋಧಕರು ಈ ರಸವನ್ನು ಮನುಷ್ಯರ ರಕ್ತಕ್ಕೆ ಬೆರೆಸಿ ನೋಡಿದರು. ಹಾಗೇ ಬೆರೆಸಿದಾಗ ರಕ್ತ ಮಾಮೂಲಿಗಿಂತ ಬೇಗ ಹೆಪ್ಪುಗಟ್ಟಿತು. ತೆಳ್ಳಗೆ ಮಾಡಿ ಬೆರೆಸಿದಾಗ ಹೆಪ್ಪುಗಟ್ಟಲು ಮಾಮೂಲಿಗಿಂತ ಜಾಸ್ತಿ ಹೊತ್ತು ಹಿಡಿಯಿತು. ಇನ್ನೂ ತೆಳ್ಳಗೆ ಮಾಡಿದಾಗ ರಕ್ತ ಹೆಪ್ಪುಗಟ್ಟಲೇ ಇಲ್ಲ.

ಒಂದೇ ಗಿಡ, ಒಂದೇ ರಸ, ಎರಡು ತದ್ವಿರುದ್ಧ ಕೆಲಸ. ಈ ರಸ ಹಚ್ಚಿದರೆ ರಕ್ತ ನಿಲ್ಲುತ್ತದೆ ಅಂತ ಅಜ್ಜಿ ಹೇಳಿದ್ದು ಸುಳ್ಳಲ್ಲ. ಆದರೆ ಅದೇ ರಸ ರಕ್ತ ನಿಲ್ಲದ ಹಾಗೂ ಮಾಡಬಲ್ಲದು. ಗಿಡದ ಹಾಲು ಗಾಯಕ್ಕೆ ಒಳ್ಳೇದು ಅಂತ ಎಲ್ಲಾದರೂ ಓದಿದಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಇದೇ: ಎಷ್ಟು ಹಾಲು, ಅದರಲ್ಲಿನ ಯಾವ ಭಾಗ, ಗಾಯದ ಯಾವ ಹಂತದಲ್ಲಿ? ಈ ಮೂರಕ್ಕೆ ಉತ್ತರ ಸಿಕ್ಕ ಕಡೆಯಲ್ಲೆಲ್ಲ ಔಷಧಿ ಹುಟ್ಟಿದೆ. ಸಿಗದ ಕಡೆ ಸುದ್ದಿ ಮಾತ್ರ ಹುಟ್ಟಿದೆ.

ಮೊದಲು ಈ ಹಾಲು ಏನು ಅಂತ ನೋಡೋಣ. ಗಿಡದ ಮೈಯಲ್ಲಿ ನೀರು ಏರುವ ಕೊಳವೆಗಳಿವೆ, ಎಲೆಯಲ್ಲಿ ತಯಾರಾದ ಸಕ್ಕರೆ ಇಳಿಯುವ ಕೊಳವೆಗಳಿವೆ. ಹಾಲು ಇವೆರಡರಲ್ಲೂ ಇರುವುದಿಲ್ಲ. ಅದಕ್ಕೆ ಅಂತಲೇ ಬೇರೆ ಜೀವಕೋಶಗಳ ಜಾಲ ಇದೆ. ಸುಮಾರು 20,000 ಜಾತಿಯ ಗಿಡಗಳಲ್ಲಿ ಇಂಥ ಜಾಲ ಉಂಟು. ಎಕ್ಕ, ಕಳ್ಳಿ, ಆಲ, ಅತ್ತಿ, ಹಲಸು, ಪಪ್ಪಾಯಿ, ನಂದಿಬಟ್ಟಲು, ದೇವಕಣಗಿಲೆ, ರಬ್ಬರ್ ಎಲ್ಲ ಈ ಗುಂಪಿನವು. ಒಳಗೆ ಹಾಲು ಭಾರೀ ಒತ್ತಡದಲ್ಲಿ ಇರುತ್ತದೆ. ರಬ್ಬರ್ ಮರದಲ್ಲಿ ಬೆಳಗಿನ ಜಾವ ಆ ಒತ್ತಡ ಬೈಕಿನ ಟಯರಿನ ಗಾಳಿಗಿಂತ ಹಲವು ಪಟ್ಟು ಜಾಸ್ತಿ. ಟ್ಯಾಪಿಂಗ್ ಮಾಡುವವರು ನಸುಕಿನಲ್ಲೇ ತೋಟಕ್ಕೆ ಹೊರಡುವುದು ಅದಕ್ಕೇ. ತೊಗಟೆ ಗೀರಿದ ತಕ್ಷಣ ಹಾಲು ಚಿಮ್ಮುತ್ತದೆ, ಸ್ವಲ್ಪ ಹೊತ್ತಿಗೆ ಗಟ್ಟಿಯಾಗಿ ಗೀರನ್ನು ಮುಚ್ಚುತ್ತದೆ.

ಗಿಡಕ್ಕೆ ಇದರಿಂದ ಎರಡು ಲಾಭ. ತನ್ನ ಗಾಯ ಮುಚ್ಚಿಕೊಳ್ಳುವುದು ಒಂದು, ತಿನ್ನಲು ಬಂದ ಹುಳುವನ್ನು ಓಡಿಸುವುದು ಇನ್ನೊಂದು. ಜಪಾನಿನ ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಪಪ್ಪಾಯಿ ಎಲೆಯನ್ನು ಹಾಗೇ ಕೊಟ್ಟರೆ ಏರಿ ರೇಷ್ಮೆಹುಳುಗಳು ಸತ್ತವು. ಎಲೆಯನ್ನು ಸಣ್ಣಗೆ ಕತ್ತರಿಸಿ, ಹಾಲು ತೊಳೆದು ಕೊಟ್ಟರೆ ಅವೇ ಹುಳುಗಳು ಚೆನ್ನಾಗಿ ತಿಂದು ಬೆಳೆದವು. ಹಾಲಿನಲ್ಲಿರುವ ಪಪೈನ್ ಅನ್ನೋ ಎಂಜೈಮ್ ಹುಳುವಿಗೆ ವಿಷವಾಗಿತ್ತು. ಎಂಜೈಮಿನ ಕೆಲಸವನ್ನು ರಾಸಾಯನಿಕದಿಂದ ತಡೆದರೂ ಹುಳುಗಳು ಬದುಕಿಕೊಂಡವು. ಅಂದರೆ ನಾವು ಗಾಯಕ್ಕೆ ಮದ್ದು ಅಂತ ಹುಡುಕುತ್ತಿರುವ ವಸ್ತುವನ್ನು ಗಿಡ ತಯಾರಿಸಿದ್ದು ಆಯುಧವಾಗಿ. ಎಕ್ಕದ ಎಲೆಯನ್ನೇ ತಿಂದು ಬೆಳೆಯುವ ಪ್ಲೇನ್ ಟೈಗರ್ ಚಿಟ್ಟೆಯ ಹುಳುವಿನಂಥ ಕೆಲವು ಮಾತ್ರ ಈ ಆಯುಧಕ್ಕೆ ಒಗ್ಗಿಕೊಂಡಿವೆ. ಅದರ ನೆಂಟ ಮೊನಾರ್ಕ್ ಚಿಟ್ಟೆಯ ಹುಳು ಇನ್ನೂ ಜಾಣ. ಮೊದಲು ಎಲೆಯ ನರ ಕಚ್ಚಿ ಹಾಲು ಸೋರಿಹೋಗಲು ಬಿಡುತ್ತದೆ, ಆಮೇಲೆ ನಿಧಾನಕ್ಕೆ ತಿನ್ನುತ್ತದೆ.

ಇನ್ನು ನಮ್ಮ ಗಾಯದ ಕಡೆ ಬರೋಣ. ಚರ್ಮ ಕುಯ್ದುಕೊಂಡರೆ ಮೊದಲು ರಕ್ತ ಹೆಪ್ಪುಗಟ್ಟಬೇಕು. ಆಮೇಲೆ ಬಿಳಿ ರಕ್ತಕಣಗಳು ಬಂದು ಕೊಳೆ, ಸತ್ತ ಮಾಂಸ, ರೋಗಾಣುಗಳನ್ನು ತೆಗೆದುಹಾಕಬೇಕು. ಗಾಯ ಕೆಂಪಗಾಗಿ ಊದಿಕೊಳ್ಳುವುದು ಈ ಹೊತ್ತಿನಲ್ಲೇ. ಮೂರನೆಯದಾಗಿ ಹೊಸ ರಕ್ತನಾಳ ಚಿಗುರಬೇಕು, ಕೊಲಾಜೆನ್ ಎಂಬ ನಾರು ತುಂಬಬೇಕು, ಮೇಲೆ ಹೊಸ ಚರ್ಮ ಹರಡಬೇಕು. ಕೊನೆಗೆ ಆ ನಾರೆಲ್ಲ ಬಿಗಿಯಾಗಿ ಜೋಡಣೆಯಾಗಬೇಕು. ಇದಕ್ಕೆ ತಿಂಗಳುಗಟ್ಟಲೆ ಬೇಕು. ಅಷ್ಟಾದರೂ ಕಲೆಯಾದ ಜಾಗ ಮೊದಲಿದ್ದ ಚರ್ಮದ ಶೇ. 80ರಷ್ಟು ಗಟ್ಟಿಯಾದರೆ ಹೆಚ್ಚು.

ಮೊದಲ ಹಂತಕ್ಕೆ ಬೇಕಾದ್ದು ಎರಡನೆಯದಕ್ಕೆ ಅಡ್ಡಿ ಆಗಬಹುದು. ಎರಡನೆಯದು ಅತಿಯಾದರೆ ಮೂರನೆಯದು ಶುರುವಾಗುವುದೇ ಇಲ್ಲ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ತಿಂಗಳುಗಟ್ಟಲೆ ಎರಡನೇ ಹಂತದಲ್ಲೇ ಸಿಕ್ಕಿಹಾಕಿಕೊಂಡಿರುತ್ತದೆ. ಆದ್ದರಿಂದ ‘ಗಾಯ ಮಾಯಿಸುವ ಮದ್ದು’ ಅಂತ ಒಟ್ಟಾರೆ ಹೇಳಿದರೆ ಏನೂ ಹೇಳಿದ ಹಾಗಾಗಲಿಲ್ಲ. ಯಾವ ಹಂತಕ್ಕೆ ಅನ್ನುವುದು ಮುಖ್ಯ.

ರಕ್ತ ಹೆಪ್ಪುಗಟ್ಟುವ ಮೊದಲ ಹಂತದ ಬಗ್ಗೆ ಒಳ್ಳೆಯ ಕೆಲಸ ನಡೆದಿರುವುದು ನಮ್ಮ ಮೈಸೂರಿನಲ್ಲೇ. ರಕ್ತದಲ್ಲಿ ಫೈಬ್ರಿನೋಜೆನ್ ಎಂಬ ಪ್ರೋಟೀನ್ ಕರಗಿಕೊಂಡಿರುತ್ತದೆ. ಗಾಯವಾದಾಗ ಒಂದರ ಹಿಂದೊಂದು ಹಲವು ಪ್ರೋಟೀನುಗಳು ಚುರುಕಾಗಿ, ಕೊನೆಗೆ ಥ್ರಾಂಬಿನ್ ಎಂಬ ಎಂಜೈಮ್ ತಯಾರಾಗುತ್ತದೆ. ಥ್ರಾಂಬಿನ್ ಫೈಬ್ರಿನೋಜೆನ್‌ನ ತುದಿಯ ಸಣ್ಣ ಚೂರುಗಳನ್ನು ಕತ್ತರಿಸಿ ಬಿಸಾಕುತ್ತದೆ. ಉಳಿದದ್ದು ಒಂದಕ್ಕೊಂದು ಅಂಟಿ ಎಳೆ ಎಳೆಯಾಗಿ ಫೈಬ್ರಿನ್ ಆಗುತ್ತದೆ. ಹೆಪ್ಪು ಅಂದರೆ ಈ ಎಳೆಗಳಲ್ಲಿ ಸಿಕ್ಕಿಕೊಂಡ ರಕ್ತಕಣಗಳು. ಗಾಯ ಮಾಯುತ್ತಾ ಬಂದ ಹಾಗೆ ಪ್ಲಾಸ್ಮಿನ್ ಎಂಬ ಇನ್ನೊಂದು ಎಂಜೈಮ್ ಬಂದು ಅದೇ ಎಳೆಗಳನ್ನು ಕರಗಿಸುತ್ತದೆ. ದೇಹ ಈ ಎರಡು ಕೆಲಸಕ್ಕೆ ಇಬ್ಬರನ್ನು ಇಟ್ಟುಕೊಂಡಿದೆ, ಅಲ್ವಾ? ಎಕ್ಕದ ಹಾಲು ಎರಡನ್ನೂ ಮಾಡುತ್ತದೆ.

ಮೈಸೂರು ವಿಶ್ವವಿದ್ಯಾನಿಲಯದ ಜೀವರಸಾಯನ ವಿಭಾಗದವರು 2005ರಲ್ಲಿ ಇದನ್ನು ಪ್ರಕಟಿಸಿದರು. ಎಕ್ಕದ ಹಾಲು ರಕ್ತವನ್ನು ಹೆಪ್ಪುಗಟ್ಟಿಸುತ್ತದೆ, ಹಾಗೇ ಕಟ್ಟಿದ ಹೆಪ್ಪನ್ನು ಕರಗಿಸುತ್ತದೆ ಕೂಡ. 2009ರಲ್ಲಿ ಎಕ್ಕದ ಕುಟುಂಬದ ಇನ್ನಷ್ಟು ಗಿಡಗಳಲ್ಲೂ ಇದೇ ಗುಣ ಕಂಡರು. ಕೆಲಸ ಮಾಡುತ್ತಿರುವುದು ಸಿಸ್ಟೀನ್ ಪ್ರೋಟಿಯೇಸ್ ಎಂಬ, ಪ್ರೋಟೀನನ್ನು ಕತ್ತರಿಸುವ ಗುಂಪಿನ ಎಂಜೈಮುಗಳು ಅಂತಲೂ ತೋರಿಸಿದರು. ಮುಂದಿನ ವರ್ಷ ಬೇಲಿಯ ಮೇಲೆ ಹಬ್ಬುವ ಪರ್ಗುಲಾರಿಯಾ ಬಳ್ಳಿಯ ಹಾಲಿನಿಂದ ಇಂಥ ಒಂದು ಎಂಜೈಮನ್ನು ಬೇರ್ಪಡಿಸಿ, ಅದಕ್ಕೆ ಪರ್ಗುಲರೈನ್ ಅಂತ ಹೆಸರಿಟ್ಟರು. ಅದು ಥ್ರಾಂಬಿನ್ ಥರವೇ ಕೆಲಸ ಮಾಡುತ್ತದೆ.

ಇದರಿಂದ ಎರಡು ವಿಷಯ ಗೊತ್ತಾಗುತ್ತವೆ. ಗಿಡದ ಎಂಜೈಮ್ ದೇಹದ ಉದ್ದನೆಯ ಸರದಿಗೆ ಕಾಯುವುದಿಲ್ಲ, ನೇರ ಫೈಬ್ರಿನೋಜೆನ್‌ಗೇ ಕೈ ಹಾಕುತ್ತದೆ. ಹಳ್ಳಿಯಲ್ಲಿ ಹಾಲು ಹಚ್ಚಿದ ಕೂಡಲೇ ರಕ್ತ ನಿಂತಿತು ಅನ್ನುವ ಮಾತಿಗೆ ಇದು ವಿವರಣೆ. ಆದರೆ ಥ್ರಾಂಬಿನ್‌ಗೆ ಎಲ್ಲಿ ಕತ್ತರಿಸಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವ ಲೆಕ್ಕ ಇದೆ. ಗಿಡದ ಎಂಜೈಮ್ ಹುಳುವಿನ ಹೊಟ್ಟೆಗೆ ಅಂತ ಇರುವಂಥದ್ದು. ಒಂದು ಕಡೆ ಕತ್ತರಿಸಿ ಸುಮ್ನೆ ಇರುವುದಿಲ್ಲ. ಮುಂದುವರಿದು ತಾನೇ ಕಟ್ಟಿದ ಹೆಪ್ಪನ್ನೂ ಮೆಲ್ಲಲು ಶುರು ಮಾಡುತ್ತದೆ. ಶುರುವಿನಲ್ಲಿ ಹೇಳಿದ ಕಾಡುಹರಳಿನ ಒಗಟಿನ ಹಿಂದೆಯೂ ಇಂಥದ್ದೇ ಎಳೆದಾಟ ಇರಬಹುದು. ಅದರ ಹಾಲಿನಲ್ಲೂ ಕರ್ಕೈನ್ ಎಂಬ ಪ್ರೋಟಿಯೇಸ್ ಸಿಕ್ಕಿದೆ.

ಹಾಲಿನ ಎಂಜೈಮುಗಳಲ್ಲಿ ಅತಿ ಹೆಚ್ಚು ದೂರ ಹೋದದ್ದು ಪಪೈನ್. ಎತ್ತರಕ್ಕೆ ಹೋಗಿ ಬಿದ್ದದ್ದೂ ಅದೇ. ಮಟನ್ ಬೇಗ ಬೇಯಲಿ ಅಂತ ಪಪ್ಪಾಯಿ ಕಾಯಿ ಹಾಕುವುದು ಅಡುಗೆ ಮಾಡುವವರಿಗೆಲ್ಲ ಗೊತ್ತು. ಮಾಂಸದ ಪ್ರೋಟೀನನ್ನು ಪಪೈನ್ ಕತ್ತರಿಸಿ ಮೆತ್ತಗೆ ಮಾಡುತ್ತದೆ. ಕಾಯಿ ಹಣ್ಣಾದರೆ ಹಾಲು ಇಲ್ಲ, ಆ ಶಕ್ತಿಯೂ ಇಲ್ಲ. ಅದಕ್ಕೇ ತೋಟದಲ್ಲಿ ಹಸಿರು ಕಾಯಿಯ ಮೇಲೇ ಉದ್ದಕ್ಕೆ ಮೂರ್ನಾಲ್ಕು ತೆಳು ಗೀರು ಹಾಕಿ ಹಾಲು ಇಳಿಸುತ್ತಾರೆ. ಬೆಳಗ್ಗೆ ಬಿಸಿಲೇರುವ ಮೊದಲೇ ಈ ಕೆಲಸ ಮುಗಿಯಬೇಕು. ಕಬ್ಬಿಣದ ಚಾಕು, ಕಬ್ಬಿಣದ ಪಾತ್ರೆ ತಾಗಿಸಬಾರದು, ಎಂಜೈಮ್ ಕೆಡುತ್ತದೆ. ಇಳಿಸಿದ ಹಾಲನ್ನು ಒಣಗಿಸಿ ಪುಡಿ ಮಾಡುತ್ತಾರೆ. ಪಪೈನ್ ಅನ್ನೋ ಹೆಸರು 1879ರಷ್ಟು ಹಳೆಯದು. 1968ರಲ್ಲಿ ಅದರ ಆಕಾರವನ್ನು ಕ್ಷಕಿರಣದಿಂದ ಪತ್ತೆ ಮಾಡಿದರು. 212 ಅಮೈನೋ ಆಮ್ಲಗಳ ಸರಪಳಿ ಅದು. ಅದರಲ್ಲಿ 25ನೇ ಜಾಗದಲ್ಲಿರುವ ಸಿಸ್ಟೀನ್ ಕತ್ತರಿಸುವ ಕೆಲಸದ ಮುಖ್ಯಸ್ಥ.

ಗಾಯಕ್ಕೂ ಮಟನ್‌ಗೂ ಏನು ಸಂಬಂಧ ಅಂದರೆ, ಹಳೆಯ ಹುಣ್ಣಿನ ಮೇಲೆ ಸತ್ತ ಮಾಂಸ, ಕೀವು ಗಟ್ಟಿಯಾಗಿ ಕೂತಿರುತ್ತದೆ. ಅದು ಇರುವ ತನಕ ಕೆಳಗೆ ಹೊಸ ಮಾಂಸ ಬೆಳೆಯುವುದಿಲ್ಲ. ಡಾಕ್ಟರು ಅದನ್ನು ಬ್ಲೇಡಿನಿಂದ ಕೆರೆದು ತೆಗೆಯುತ್ತಾರೆ. ಬ್ಲೇಡಿನ ಬದಲು ಪಪೈನ್ ಹಚ್ಚಿದರೆ ಸತ್ತ ಪ್ರೋಟೀನ್ ಕರಗಿ ಬರುತ್ತದೆ. ಜೀವಂತ ಮಾಂಸದಲ್ಲಿ ಸಿಸ್ಟಾಟಿನ್ ಎಂಬ ತಡೆ ಪ್ರೋಟೀನುಗಳು ಇವೆ, ಅವು ಪಪೈನನ್ನು ಹಿಡಿದು ನಿಲ್ಲಿಸುತ್ತವೆ. ಕೊಲಾಜೆನ್ ನಾರನ್ನು ಕತ್ತರಿಸುವುದರಲ್ಲಿ ಪಪೈನ್ ಅಷ್ಟು ಚುರುಕಲ್ಲ, ಅದೂ ಅನುಕೂಲವೇ. ಅಮೆರಿಕದಲ್ಲಿ ಪಪೈನ್ ಜೊತೆ ಯೂರಿಯಾ ಸೇರಿಸಿದ ಮುಲಾಮುಗಳು ವರ್ಷಾನುಗಟ್ಟಲೆ ಮಾರಾಟವಾದವು. ಯೂರಿಯಾ ಪ್ರೋಟೀನಿನ ಮಡಿಕೆ ಬಿಚ್ಚಿ ಕೊಡುತ್ತದೆ, ಪಪೈನ್ ಕತ್ತರಿಸುತ್ತದೆ. ಗ್ಯಾಂಬಿಯಾದ ಬಂಜುಲ್ ನಗರದ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯವಾದ ಮಕ್ಕಳಿಗೆ ಪಪ್ಪಾಯಿಯನ್ನು ಜಜ್ಜಿ ದಿನಾ ಕಟ್ಟುತ್ತಿದ್ದರು ಅಂತ 1999ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲೇ ವರದಿ ಬಂದಿತ್ತು. ದುಬಾರಿ ಮುಲಾಮು ಸಿಗದ ಜಾಗದಲ್ಲಿ ಅದು ಕೆಲಸಕ್ಕೆ ಬಂತು.

ಆಮೇಲೆ 2008ರ ಸೆಪ್ಟೆಂಬರ್ ಬಂತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಚರ್ಮಕ್ಕೆ ಹಚ್ಚುವ ಪಪೈನ್ ಔಷಧಿಗಳನ್ನು ತಯಾರಿಸುವುದನ್ನು ನಿಲ್ಲಿಸಿ ಅಂತ ಕಂಪನಿಗಳಿಗೆ ಹೇಳಿತು. ಅವು ಯಾವುದಕ್ಕೂ ಸರಿಯಾದ ಅನುಮೋದನೆ ಇರಲಿಲ್ಲ. ಹಚ್ಚಿಕೊಂಡ ಕೆಲವರಿಗೆ ತೀವ್ರ ಅಲರ್ಜಿಯಾಗಿ ಬಿಪಿ ಇಳಿದು, ಎದೆ ಬಡಿತ ಏರಿದ ವರದಿಗಳು ಬಂದಿದ್ದವು. ಪಪ್ಪಾಯಿಯ ಇನ್ನೊಂದು ಎಂಜೈಮ್ ಕೈಮೋಪಪೈನ್‌ದೂ ಇದೇ ಪಾಡು. ಜಾರಿದ ಬೆನ್ನುಮೂಳೆ ಡಿಸ್ಕಿಗೆ ಅದನ್ನು ಇಂಜೆಕ್ಷನ್ ಕೊಡಲು 1982ರಲ್ಲಿ ಅನುಮತಿ ಸಿಕ್ಕಿತ್ತು. ಕೆಲವರಿಗೆ ಜೀವಕ್ಕೇ ಅಪಾಯ ತರುವಂಥ ಅಲರ್ಜಿಯಾಯಿತು. 2003ರ ಹೊತ್ತಿಗೆ ಮಾರುಕಟ್ಟೆಯಿಂದ ಹೋಯಿತು. ಇದನ್ನು ಓದಿ ಪಪೈನ್ ಕೆಟ್ಟದ್ದು ಅಂತ ತೀರ್ಮಾನಿಸಬೇಡಿ. ಹುಳುಕು ಹಲ್ಲಿನ ಮೆತ್ತಗಾದ ಭಾಗ ತೆಗೆಯುವ ಪಪೈನ್ ಜೆಲ್ 2003ರಲ್ಲಿ ಬ್ರೆಜಿಲ್‌ನಲ್ಲಿ ಬಂತು, ಅದು ಇಂದಿಗೂ ಬಳಕೆಯಲ್ಲಿದೆ. ಎಂಜೈಮಿನಿಂದ ಸತ್ತ ಚರ್ಮ ತೆಗೆಯುವ ಉಪಾಯ ಕೂಡ ಸತ್ತಿಲ್ಲ. ಅನಾನಸಿನ ದಿಂಡಿನಿಂದ ಬರುವ ಬ್ರೊಮೆಲೈನ್ ಔಷಧಿಗೆ ಯುರೋಪ್ 2012ರಲ್ಲಿ, ಅಮೆರಿಕ 2022ರ ಕೊನೆಯಲ್ಲಿ ಒಪ್ಪಿಗೆ ಕೊಟ್ಟವು. ಆಳವಾದ ಸುಟ್ಟಗಾಯದ ಮೇಲೆ ನಾಲ್ಕು ಗಂಟೆ ಇಟ್ಟು ತೆಗೆದರೆ ಸುಟ್ಟು ಗಟ್ಟಿಯಾದ ಪದರ ಬಿಟ್ಟುಕೊಂಡು ಬರುತ್ತದೆ. ಅನಾನಸಿನ ರಸ ಹಾಲಲ್ಲ, ನಿಜ. ಆದರೆ ಬ್ರೊಮೆಲೈನ್ ಪಪೈನಿನ ಹತ್ತಿರದ ನೆಂಟ. ಒಂದು ಗೆದ್ದು ಇನ್ನೊಂದು ಸೋತದ್ದಕ್ಕೆ ದೊಡ್ಡ ಕಾರಣ, ಒಂದನ್ನು ಕ್ರಮವಾಗಿ ರೋಗಿಗಳ ಮೇಲೆ ಪರೀಕ್ಷಿಸಿ ತಂದರು, ಇನ್ನೊಂದನ್ನು ಹಳೆ ರೂಢಿಯ ಮೇಲೆ ಮಾರುತ್ತಾ ಹೋದರು.

ಎಲ್ಲ ಹಾಲೂ ಎಂಜೈಮಿನಿಂದಲೇ ಕೆಲಸ ಮಾಡುವುದಿಲ್ಲ. ಪೆರು, ಈಕ್ವೆಡಾರ್ ಕಡೆಯ ಅಮೆಜಾನ್ ಕಾಡಿನಲ್ಲಿ ಕ್ರೋಟನ್ ಲೆಕ್ಲೆರಿ ಅನ್ನೋ ಮರ ಇದೆ. ತೊಗಟೆ ಕಡಿದರೆ ರಕ್ತದ ಬಣ್ಣದ ರಸ ಹರಿಯುತ್ತದೆ. ಅಲ್ಲಿಯವರು ಅದನ್ನು ಡ್ರ್ಯಾಗನ್ ರಕ್ತ ಅನ್ನುತ್ತಾರೆ. ಒಂದು ಹನಿ ಅಂಗೈಗೆ ಹಾಕಿ ಬೆರಳಿನಿಂದ ತಿಕ್ಕಿದರೆ ನೊರೆಯಾಗಿ, ನಸು ಬಿಳುಪಿನ ಲೇಪವಾಗಿ, ಒಣಗಿ ತೆಳು ಪದರವಾಗಿ ಕೂರುತ್ತದೆ. ಈ ರಸವನ್ನು ಒಣಗಿಸಿದರೆ ಅದರಲ್ಲಿ ಶೇ. 90ರ ತನಕ ಪ್ರೊಆಂಥೊಸಯನಿಡಿನ್ ಎಂಬ ಟ್ಯಾನಿನ್‌ಗಳೇ ಇರಬಹುದು. ನಮ್ಮ ಅಡಿಕೆಯ ಒಗರಿಗೆ ಕಾರಣ ಕೂಡ ಇದೇ ಗುಂಪಿನ ಟ್ಯಾನಿನ್‌ಗಳು. ಬಾಯಿ ಒಗರಾಗುವುದು ಟ್ಯಾನಿನ್ ಜೊಲ್ಲಿನ ಪ್ರೋಟೀನನ್ನು ಹಿಡಿದುಕೊಳ್ಳುವುದರಿಂದ. ಗಾಯದ ಮೇಲೂ ಅದು ಪ್ರೋಟೀನನ್ನು ಹಿಡಿದು ಪದರ ಕಟ್ಟುತ್ತದೆ.

ಟ್ಯಾನಿನ್ ಅಲ್ಲದೆ ಟ್ಯಾಸ್ಪಿನ್ ಎಂಬ ಆಲ್ಕಲಾಯ್ಡ್ ಕೂಡ ಇದರಲ್ಲಿದೆ. ಗಾಯ ಮಾಯಿಸುವುದು ಅದೇ ಅಂತ 1989ರಲ್ಲಿ ಪೆರುವಿನ ವಿಜ್ಞಾನಿಗಳು ಬರೆದರು. ಕೊಲಾಜೆನ್ ತಯಾರಿಸುವ ಜೀವಕೋಶಗಳು ಗಾಯದ ಕಡೆ ಬೇಗ ಸರಿಯುವ ಹಾಗೆ ಅದು ಮಾಡುತ್ತದೆ ಎಂಬುದು ಅವರ ವಾದ. 1995ರಲ್ಲಿ ಬೆಲ್ಜಿಯಮ್ಮಿನ ತಂಡವೊಂದು ಇಲಿಗಳ ಮೇಲೆ ನೋಡಿ, ಟ್ಯಾನಿನ್‌ಗಳ ಪಾತ್ರವೇ ದೊಡ್ಡದು ಅಂದಿತು. ಹಕ್ಕಳೆ ಬೇಗ ಕಟ್ಟುತ್ತದೆ, ಗಾಯ ಬೇಗ ಕುಗ್ಗುತ್ತದೆ ಅಂತ. ಒಂದೇ ಹಾಲಿನಲ್ಲಿ ಯಾವುದು ಮದ್ದು ಅನ್ನುವುದರ ಬಗ್ಗೆಯೇ ಹೀಗೆ ಜಗಳ. ಕೊನೆಗೆ ಈ ಮರದ ರಸದಿಂದ ಒಂದು ಔಷಧಿ ಬಂದೇ ಬಂತು. ಕ್ರೊಫೆಲೆಮರ್ ಅಂತ ಹೆಸರು, 2012ರ ಡಿಸೆಂಬರ್ 31ರಂದು ಎಫ್‌ಡಿಎ ಒಪ್ಪಿತು. ಗಾಯಕ್ಕಲ್ಲ, ಎಚ್‌ಐವಿ ರೋಗಿಗಳ ಭೇದಿಗೆ! ಕರುಳಿನಲ್ಲಿ ಕ್ಲೋರೈಡ್ ಹೊರಹೋಗುವ ಬಾಗಿಲುಗಳನ್ನು ಅದು ಮುಚ್ಚುತ್ತದೆ, ನೀರು ಹೋಗುವುದು ಕಡಿಮೆಯಾಗುತ್ತದೆ. ಅಮೆಜಾನಿನವರು ಹೊಟ್ಟೆ ಕೆಟ್ಟಾಗಲೂ ಈ ರಸ ಕುಡಿಯುತ್ತಿದ್ದರು ಅನ್ನೋದನ್ನೂ ಹೇಳಬೇಕು.

ರಬ್ಬರ್ ಹಾಲಿನ ವಿಷಯ ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯವರಿಗೆ ಹತ್ತಿರದ್ದು. ಆ ಮರ ಮೂಲದಲ್ಲಿ ಬ್ರೆಜಿಲ್‌ನದ್ದು. ಅಲ್ಲಿನ ರಿಬೇರೊ ಪ್ರೆಟೊ ನಗರದ ಸಂಶೋಧಕರು 1990ರ ದಶಕದಲ್ಲಿ ರಬ್ಬರ್ ಹಾಲಿನಿಂದ ತೆಳ್ಳನೆಯ ಹಾಳೆ ಮಾಡಿ, ಪ್ರಾಣಿಗಳ ಅಂಗಾಂಶ ರಿಪೇರಿಗೆ ಬಳಸಿದರು. ಹಾಳೆ ತಾಗಿದ ಕಡೆ ಹೊಸ ರಕ್ತನಾಳಗಳು ಚಿಗುರಿದ್ದು ಕಂಡಿತು. ಗಾಯದ ಮೂರನೇ ಹಂತಕ್ಕೆ ಬೇಕಾದ್ದು ಇದೇ ತಾನೇ? ಮುಂದೆ ಅದನ್ನು ಮಾಯದೇ ಉಳಿದ ಕಾಲಿನ ಹುಣ್ಣುಗಳಿಗೆ ಹಾಕಿ ನೋಡಿದರು. ಹಾಲಿನಿಂದ ಆ ಗುಣದ ಪ್ರೋಟೀನ್ ಭಾಗವನ್ನು ಬೇರ್ಪಡಿಸುವ ಕೆಲಸವೂ ನಡೆಯಿತು.

ಆದರೆ ರಬ್ಬರ್ ಹಾಲಿನಲ್ಲಿ ಒಂದು ತೊಡಕು ಇದೆ. ಅದರ ಹೆಸರು ಹೆವೈನ್. ಬರೀ 43 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್ ಅದು. ತೊಗಟೆ ಗೀರಿದಾಗ ಹಾಲಿನೊಳಗಿನ ಸಣ್ಣ ಚೀಲಗಳು ಒಡೆದು ಹೆವೈನ್ ಹೊರಬರುತ್ತದೆ, ರಬ್ಬರ್ ಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ, ಮರದ ಗಾಯ ಮುಚ್ಚುತ್ತದೆ. ಶಿಲೀಂಧ್ರದ ಮೈಯಲ್ಲಿರುವ ಕೈಟಿನ್‌ಗೂ ಅಂಟಿಕೊಳ್ಳುವುದರಿಂದ ಬೂಷ್ಟನ್ನೂ ತಡೆಯುತ್ತದೆ. ಮರಕ್ಕೆ ಇಷ್ಟೆಲ್ಲ ಉಪಕಾರ ಮಾಡುವ ಇದೇ ಪ್ರೋಟೀನ್ ಮನುಷ್ಯರಲ್ಲಿ ರಬ್ಬರ್ ಅಲರ್ಜಿಯ ಮುಖ್ಯ ಕಾರಣಗಳಲ್ಲಿ ಒಂದು. ಏಡ್ಸ್ ಬಂದ ಮೇಲೆ ಆಸ್ಪತ್ರೆಗಳಲ್ಲಿ ಗ್ಲೌಸ್ ಬಳಕೆ ವಿಪರೀತ ಏರಿತು. ದಾದಿಯರಿಗೆ, ಡಾಕ್ಟರುಗಳಿಗೆ ಅಲರ್ಜಿಯೂ ಏರಿತು. ಗ್ಲೌಸಿಗೆ ಹಾಕುವ ಪುಡಿ ಈ ಪ್ರೋಟೀನುಗಳನ್ನು ಹೊತ್ತು ಗಾಳಿಯಲ್ಲಿ ಹಾರುತ್ತಿತ್ತು. 2017ರ ಜನವರಿಯಿಂದ ಅಮೆರಿಕದಲ್ಲಿ ಪುಡಿ ಹಾಕಿದ ಗ್ಲೌಸ್ ನಿಷೇಧವಾಯಿತು. ಹೆವೈನ್‌ನ ಆಕಾರವನ್ನೇ ಹೋಲುವ ತುಂಡುಗಳು ಬಾಳೆಹಣ್ಣು, ಬೆಣ್ಣೆಹಣ್ಣಿನ ಪ್ರೋಟೀನುಗಳಲ್ಲೂ ಇವೆ. ರಬ್ಬರ್ ಅಲರ್ಜಿ ಇರುವ ಕೆಲವರಿಗೆ ಬಾಳೆಹಣ್ಣು ತಿಂದಾಗ ಬಾಯಿ ತುರಿಸುವುದು ಅದಕ್ಕೇ.

ನಮ್ಮ ದೇಶದಲ್ಲಿ ಗಿಡದ ಹಾಲನ್ನು ಕ್ರಮವಾಗಿ ರೋಗಿಗಳ ಮೇಲೆ ಪರೀಕ್ಷಿಸಿದ ಒಳ್ಳೆಯ ಉದಾಹರಣೆ ಆಯುರ್ವೇದದ ಕ್ಷಾರಸೂತ್ರ. ಭಗಂದರ ಅಂದರೆ ಗುದದ ಪಕ್ಕ ಕೊಳವೆಯಂತೆ ಆಗುವ ಹುಣ್ಣು, ಫಿಸ್ಟುಲಾ. ಅದಕ್ಕೆ ಔಷಧಿ ಲೇಪಿಸಿದ ದಾರ ಕಟ್ಟುವ ಕ್ರಮ ಹಳೆಯದು. 1960ರ ದಶಕದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದವರು ಅದಕ್ಕೊಂದು ಖಚಿತ ರೂಪ ಕೊಟ್ಟರು. ಗಟ್ಟಿ ಲಿನನ್ ದಾರಕ್ಕೆ ಎಲೆಗಳ್ಳಿಯ ಹಾಲನ್ನು 11 ಸಲ ಲೇಪಿಸುತ್ತಾರೆ, ಪ್ರತಿ ಸಲವೂ ಒಣಗಿಸುತ್ತಾರೆ. ಆಮೇಲೆ ಹಾಲಿನ ಜೊತೆ ಉತ್ತರಾಣಿಯ ಬೂದಿಯಿಂದ ತೆಗೆದ ಕ್ಷಾರವನ್ನು 7 ಸಲ, ಕೊನೆಗೆ ಹಾಲು ಮತ್ತು ಅರಿಶಿನ 3 ಸಲ. ಒಟ್ಟು 21 ಲೇಪ. ದಾರವನ್ನು ಹುಣ್ಣಿನ ಕೊಳವೆಯೊಳಗೆ ತೂರಿಸಿ ಗಂಟು ಹಾಕುತ್ತಾರೆ, ವಾರಕ್ಕೊಮ್ಮೆ ಬದಲಿಸುತ್ತಾರೆ. ಅದು ನಿಧಾನಕ್ಕೆ ಕೊಯ್ಯುತ್ತಾ ಹೋಗುತ್ತದೆ, ಹಿಂದೆ ಹಿಂದೆಯೇ ಗಾಯ ಮಾಯುತ್ತಾ ಬರುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇದನ್ನು ಹಲವು ಆಸ್ಪತ್ರೆಗಳ ಐನೂರರಷ್ಟು ರೋಗಿಗಳಲ್ಲಿ ಆಪರೇಷನ್ ಜೊತೆ ಹೋಲಿಸಿ ನೋಡಿ, 1991ರಲ್ಲಿ ಫಲಿತಾಂಶ ಪ್ರಕಟಿಸಿತು. ಮಾಯಲು ದಾರಕ್ಕೆ 8 ವಾರ ಬೇಕಾಯಿತು, ಆಪರೇಷನ್‌ಗೆ 4 ವಾರ. ಆದರೆ ಮತ್ತೆ ಹುಣ್ಣು ಮರುಕಳಿಸಿದ್ದು ದಾರ ಕಟ್ಟಿದವರಲ್ಲಿ ಶೇ. 4, ಆಪರೇಷನ್ ಆದವರಲ್ಲಿ ಶೇ. 11. ಎರಡೂ ಕಡೆಯ ಲೆಕ್ಕ ಹೀಗೆ ಎದುರಿಗಿಟ್ಟಾಗ ರೋಗಿ ತನಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಆದರೂ ಇದರಲ್ಲಿ ಕಳ್ಳಿ ಹಾಲಿನ ಪಾಲು ಎಷ್ಟು, ಕ್ಷಾರದ ಪಾಲು ಎಷ್ಟು, ದಾರದ ಬಿಗಿತದ ಪಾಲು ಎಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ. ಇದನ್ನೇ ತೋರಿಸಿ ಕಳ್ಳಿ ಹಾಲು ಗಾಯ ಮಾಯಿಸುತ್ತದೆ ಅಂತ ಹೇಳಿದರೆ ತಪ್ಪಾಗುತ್ತದೆ. ಬರೀ ಕಳ್ಳಿ ಹಾಲು ಚರ್ಮಕ್ಕೆ ತಾಗಿದರೆ ಉರಿದು ಬೊಬ್ಬೆ ಏಳುತ್ತದೆ.

ಈಗ ಮತ್ತೆ ಎಕ್ಕ. ಮುಳ್ಳು ಚುಚ್ಚಿದ ಜಾಗಕ್ಕೆ ಎಕ್ಕದ ಹಾಲು ಬಿಡುವುದು ನಮ್ಮ ಹಳ್ಳಿಗಳಲ್ಲಿ ಮಾಮೂಲು. ಈ ಹಾಲಿನಲ್ಲಿ ಪ್ರೋಟೀನುಗಳ ಜೊತೆ ಕ್ಯಾಲೊಟ್ರೊಪಿನ್ ಥರದ ಸಣ್ಣ ಅಣುಗಳೂ ಇವೆ. ಅವು ಹೃದಯದ ಸ್ನಾಯುವಿನ ಸೋಡಿಯಂ ಪಂಪನ್ನು ತಡೆಯುವ ವಿಷಗಳು. ಆಫ್ರಿಕಾದಲ್ಲಿ ಎಕ್ಕದ ಹಾಲನ್ನು ಬಾಣದ ತುದಿಗೆ ಸವರುತ್ತಿದ್ದರು. ಕಣ್ಣಿನ ಡಾಕ್ಟರುಗಳಿಗೆ ಇದರ ಇನ್ನೊಂದು ಮುಖ ಗೊತ್ತು. ಆಂಜನೇಯನಿಗೋ ಗಣಪತಿಗೋ ಹಾರ ಮಾಡಲು ಎಕ್ಕದ ಹೂ ಕೊಯ್ದವರು ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತಾರೆ. ಸ್ವಲ್ಪ ಹೊತ್ತಿಗೆ ಕಣ್ಣು ಮಂಜು. ನೋವು ಮಾತ್ರ ಇಲ್ಲ. ಹಾಲು ಕಣ್ಣಿನ ಮೇಲ್ಪದರ ಕಾರ್ನಿಯಾದ ಒಳಕ್ಕೆ ಇಳಿದು, ಅದರ ಹಿಂಬದಿಯಲ್ಲಿರುವ ಒಂದೇ ಸಾಲಿನ ಜೀವಕೋಶಗಳಿಗೆ ಪೆಟ್ಟು ಕೊಡುತ್ತದೆ. ಕಾರ್ನಿಯಾದಿಂದ ನೀರು ಹೊರಗೆ ಹಾಕುವುದು ಅವುಗಳ ಕೆಲಸ. ಅವು ಸುಸ್ತಾದರೆ ಕಾರ್ನಿಯಾ ಊದಿ ಮಂಜಾಗುತ್ತದೆ. ಸ್ಟೆರಾಯ್ಡ್ ಹನಿ ಹಾಕಿದರೆ ಬಹಳಷ್ಟು ಜನರಿಗೆ ದೃಷ್ಟಿ ವಾಪಸ್ಸು ಬರುತ್ತದೆ. ಆದರೆ ಸತ್ತ ಜೀವಕೋಶಗಳು ಮತ್ತೆ ಹುಟ್ಟುವುದಿಲ್ಲ. ನೋವಿಲ್ಲ ಅಂತ ಸುಮ್ನೆ ಮನೆಯಲ್ಲಿ ಕೂರುವವರೇ ಜಾಸ್ತಿ ತೊಂದರೆಗೆ ಸಿಗುತ್ತಾರೆ.

ಇಂಥ ಹಾಲಿನಿಂದ ಗಾಯ ಮಾಯುತ್ತದೆ ಅಂತ 1999ರಲ್ಲಿ ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ತಂಡ ಗಿನಿಯಿಲಿಗಳಲ್ಲಿ ತೋರಿಸಿತು. ಕೊಲಾಜೆನ್ ಜಾಸ್ತಿಯಾಯಿತು, ಹೊಸ ಚರ್ಮ ಬೇಗ ಹರಡಿತು. ಈ ಪ್ರಯೋಗವನ್ನು ಅಂತರ್ಜಾಲದಲ್ಲಿ ಬಹಳ ಜನ ಎತ್ತಿ ಆಡುತ್ತಾರೆ, ಆದರೆ ಒಂದು ಸಾಲು ಬಿಟ್ಟುಬಿಡುತ್ತಾರೆ. ಅವರು ಹಾಕಿದ್ದು ಶೇ. 1ರ ದ್ರಾವಣ. ಅದೂ ರೋಗಾಣು ಇಲ್ಲದ ಹಾಗೆ ಶುದ್ಧ ಮಾಡಿದ್ದು. ಪ್ರತಿ ಸಲ 20 ಮೈಕ್ರೋಲೀಟರ್, ಅಂದರೆ ಅರ್ಧ ಹನಿಗೂ ಕಮ್ಮಿ. ದಿನಕ್ಕೆ ಎರಡು ಸಲ, ಏಳು ದಿನ. ಗಿಡದಿಂದ ನೇರವಾಗಿ ಗಾಯಕ್ಕೆ ಬೀಳುವ ಹನಿಗೂ ಇದಕ್ಕೂ ಎಷ್ಟು ಅಂತರ ಇದೆ ನೋಡಿ.

ಬ್ರೆಜಿಲ್‌ನ ಫೋರ್ಟಲೇಜಾದ ಸಂಶೋಧಕರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಎಕ್ಕದ ಹಾಲನ್ನು ನೀರಿಗೆ ಬೆರೆಸಿ ಗಿರಗಿರ ತಿರುಗಿಸಿ ರಬ್ಬರ್ ತೆಗೆದರು. ಉಳಿದದ್ದನ್ನು ಸೂಕ್ಷ್ಮ ರಂಧ್ರಗಳ ಪೊರೆಯ ಚೀಲದಲ್ಲಿ ಹಾಕಿ ನೀರಿನಲ್ಲಿ ಇಟ್ಟರು. ಹೃದಯಕ್ಕೆ ವಿಷವಾಗುವ ಅಣುಗಳು ಸಣ್ಣವು, ರಂಧ್ರದಿಂದ ಹೊರಗೆ ಹೋದವು. ಪ್ರೋಟೀನುಗಳು ದೊಡ್ಡವು, ಒಳಗೇ ಉಳಿದವು. ಆ ಪ್ರೋಟೀನುಗಳನ್ನು ಪಾಲಿವಿನೈಲ್ ಆಲ್ಕೊಹಾಲ್ ಎಂಬ ಪ್ಲಾಸ್ಟಿಕ್ ಥರದ ವಸ್ತುವಿನ ಹಾಳೆಯಲ್ಲಿ ಸೇರಿಸಿ ಇಲಿಗಳ ಗಾಯಕ್ಕೆ ಅಂಟಿಸಿದರು. ಗಾಯ ಮಾಯುವುದು ಚುರುಕಾಯಿತು ಅಂತ 2016ರಲ್ಲಿ ಪ್ರಕಟಿಸಿದರು. ಯಾವ ಭಾಗ ಬೇಕು, ಯಾವುದು ಬೇಡ ಅಂತ ಬೇರೆ ಮಾಡುವ ಈ ದಾರಿಯ ಬಗ್ಗೆ ನನಗೆ ಹೆಚ್ಚು ಭರವಸೆ.

ಆದರೂ ಇಲಿಯ ಗಾಯ ಮನುಷ್ಯನ ಗಾಯ ಅಲ್ಲ. ಇಲಿಯ ಚರ್ಮ ಸಡಿಲ. ಕೆಳಗೊಂದು ತೆಳು ಸ್ನಾಯುವಿನ ಪದರ ಇದ್ದು, ಗಾಯದ ಅಂಚುಗಳನ್ನು ಎಳೆದು ಮುಚ್ಚಿಬಿಡುತ್ತದೆ. ನಮಗೆ ಮೈಯ ಬಹುಪಾಲು ಕಡೆ ಆ ಪದರ ಇಲ್ಲ. ನಮ್ಮ ಗಾಯ ಜಾಸ್ತಿ ಮಟ್ಟಿಗೆ ಕೆಳಗಿನಿಂದ ಮಾಂಸ ತುಂಬಿ, ಬದಿಯಿಂದ ಚರ್ಮ ಹರಡಿ ಮಾಯಬೇಕು. ‘ಗಾಯ ಬೇಗ ಕುಗ್ಗಿತು’ ಅನ್ನುವ ಇಲಿಯ ಫಲಿತಾಂಶ ನಮಗೆ ಪೂರ್ತಿ ಹೊಂದುವುದಿಲ್ಲ. ಇನ್ನೊಂದು ಮಾತು, ಪ್ರಯೋಗದ ಇಲಿ ಸಾಮಾನ್ಯವಾಗಿ ಎಳೆಯದು, ಗಟ್ಟಿಮುಟ್ಟು. ಅದರ ಗಾಯ ಏನೂ ಹಚ್ಚದಿದ್ದರೂ ಮಾಯುತ್ತದೆ. ಹೊಸ ಮದ್ದು ನಿಜವಾಗಿ ಬೇಕಾಗಿರುವುದು ಅರವತ್ತು ದಾಟಿದ, ಸಕ್ಕರೆ ಕಾಯಿಲೆಯ, ಕಾಲಿಗೆ ರಕ್ತ ಸರಿಯಾಗಿ ಹರಿಯದ ಮನುಷ್ಯನಿಗೆ. ಗಿಡದ ಹಾಲಿನ ಪ್ರಬಂಧ ಕಣ್ಣಿಗೆ ಬಿದ್ದರೆ, ಪ್ರಯೋಗ ಯಾರ ಮೇಲೆ ಆಯಿತು ಅನ್ನುವ ಸಾಲನ್ನು ಮೊದಲು ಓದಿ.

ಮನೆಯ ಮಟ್ಟಿಗೆ ಹೇಳಬೇಕಾದ್ದು ಕಮ್ಮಿ. ಬೆರಳು ಕುಯ್ದರೆ ಹರಿಯುವ ನೀರಿನಲ್ಲಿ ತೊಳೆದು, ಶುಭ್ರ ಬಟ್ಟೆಯಲ್ಲಿ ಒತ್ತಿ ಹಿಡಿದರೆ ಸಣ್ಣಪುಟ್ಟ ರಕ್ತ ನಿಲ್ಲುತ್ತದೆ. ಗಾಯಕ್ಕೆ ಮಣ್ಣು ತಾಗಿದ್ದರೆ ಟಿಟಿ ಇಂಜೆಕ್ಷನ್ ಕೇಳಿ. ಗಿಡದ ಹಾಲು ಕಣ್ಣಿಗೆ ಬಿದ್ದರೆ ನೋವಿದ್ದರೂ ಇಲ್ಲದಿದ್ದರೂ ಹದಿನೈದು ನಿಮಿಷವಾದರೂ ನೀರು ಹಾಕುತ್ತಾ ತೊಳೆದು, ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಯಾವ ಗಿಡದ್ದು ಅಂತ ಹೇಳಿ, ಸಾಧ್ಯವಾದರೆ ಒಂದು ಎಲೆ ಕವರಿನಲ್ಲಿ ಹಾಕಿಕೊಂಡು ಹೋಗಿ. ಬಲೂನು, ಗ್ಲೌಸ್ ತಾಗಿದರೆ ತುರಿಸುವವರು ಪಪ್ಪಾಯಿ ಹಾಲಿನ ಮದ್ದಿನಿಂದಲೂ ದೂರ ಇರಿ, ಆಪರೇಷನ್ ಇದ್ದರೆ ಮೊದಲೇ ಡಾಕ್ಟರಿಗೆ ತಿಳಿಸಿ. ಕಾಲಿನ ಗಾಯ ಎರಡು ವಾರ ಕಳೆದರೂ ಮಾಯುತ್ತಿಲ್ಲ ಅಂದರೆ ಯಾವ ಹಾಲು ಹಚ್ಚಲಿ ಅಂತ ಹುಡುಕುವ ಬದಲು ಮೊದಲು ಸಕ್ಕರೆ ಟೆಸ್ಟ್ ಮಾಡಿಸಿ.